ಮುಂಬೈಯಲ್ಲಿ ಶನಿವಾರ-ಭಾನುವಾರ: ನಾಟಕ ಮೊದಲೋ, ಊರು ಮೊದಲೋ?

ಸಾಧನಕೇರಿ
ನಮ್ಮ ಹವ್ಯಾಸಿ ತಂಡದಾಗಿನ ನಾಕು ಮಂದಿ ಡಿಸೆಂಬರ್‌ದಾಗ ಮುಂಬೈಗೆ ಹೊಂಟೇವ್ರಿ. ಶುಕ್ರವಾರ ಧಾರವಾಡದಾಗ ಗಾಡಿ ಹತ್ತೂದು, ಸೋಮವಾರ ವಾಪಸ್ ಹೊಂಡೂದು. ನಡುವೆ ಸಿಗೂದು ಶನಿವಾರ, ಭಾನುವಾರ ಅಷ್ಟ. ಮುಖ್ಯ ಆಸೆ ನಾಟಕ ನೋಡೂದು. ಆದ್ರ ಇಬ್ಬರಿಗೆ ಊರೇ ಹೊಸದು, ಅವರು ಗೇಟ್‌ವೇ ನೋಡದ ಹೆಂಗ ಬರೂದು ಅಂತಾರ. ನಮ್ಮ ಜೋಡಿ ಬರೂ ಮಾಸ್ತರರಿಗೆ ಅರವತ್ತು ದಾಟ್ಯಾವ, ಅವರಿಗೆ ಎಲಿಫೆಂಟಾ ಗುಹಾ ಬೇಕ ಬೇಕು. ಲೈಟ್ ಮಾಡೂ ಹುಡುಗಿ ಒಬ್ಬಾಕಿ ಇದ್ದಾಳ, ಅಕಿಗೆ ರಂಗಮಂದಿರದ ಒಳಗ ಏನೇನೈತಿ ಅಂತ ನೋಡೂ ಹುಚ್ಚು.

ಯಾವ ಥಿಯೇಟರ್, ಎಲ್ಲಿ ಇಳಕೊಳ್ಳೂದು, ಏನು ಬಿಡೂದು? ರೊಕ್ಕ ಭಾಳ ಇಲ್ಲ. ತಿಳಿದವರು ಹೇಳ್ರಿ.

ಕಾಫಿಪುಡಿ
ಪೃಥ್ವಿ. ಜುಹು. ಮುಗೀತು.

ಸರಿ, ಸ್ವಲ್ಪ ಬಿಡಿಸಿ ಹೇಳ್ತೀನಿ. ಪೃಥ್ವಿರಾಜ್ ಕಪೂರ್ ಊರೂರು ಸುತ್ತೋ ನಾಟಕ ಕಂಪನಿ ಕಟ್ಟಿದ್ರು, ಅದಕ್ಕೆ ಸ್ವಂತ ಜಾಗ ಅಂತ ಇರಲಿಲ್ಲ. ಅವರು ಹೋದ ಮೇಲೆ ಮಗ ಶಶಿ ಕಪೂರ್ ಮತ್ತು ಸೊಸೆ ಜೆನಿಫರ್ 1978ರ ನವೆಂಬರ್‌ನಲ್ಲಿ ಈ ರಂಗಮಂದಿರ ಶುರು ಮಾಡಿದ್ರು. ಸುಮಾರು 200 ಸೀಟು ಅಷ್ಟೇ. ವೇದಿಕೆ ಪ್ರೇಕ್ಷಕರ ನಡುವಿಗೇ ಚಾಚಿಕೊಂಡಿದೆ, ಮೂರೂ ಕಡೆ ಜನ ಕೂತಿರ್ತಾರೆ. ನಟ ಉಸಿರು ಎಳ್ಕೊಂಡ್ರೂ ಕೇಳುತ್ತೆ. ನಮ್ಮ ಬೆಂಗಳೂರಿನ ರಂಗಶಂಕರಕ್ಕೆ ಹೋಗಿ ಅಭ್ಯಾಸ ಇದ್ದವರಿಗೆ ಎಲ್ಲಾ ಪರಿಚಿತ ಅನ್ನಿಸುತ್ತೆ: ತಡವಾಗಿ ಬಂದವರಿಗೆ ಬಾಗಿಲು ತೆಗೆಯಲ್ಲ, ಫೋನ್ ಮಾತಿಲ್ಲ, ಸೋಮವಾರ ರಜೆ. ರಂಗಶಂಕರ ಬಂದಿದ್ದು 2004ರಲ್ಲಿ. ಅದನ್ನ ಕಟ್ಟಿದ ಅರುಂಧತಿ ನಾಗ್ ರಂಗಭೂಮಿ ಕಲಿತಿದ್ದೇ ಮುಂಬೈಯಲ್ಲಿ.

ಸೀಟಿಗೆ ನಂಬರ್ ಇಲ್ಲ, ಕ್ಯೂ ನಿಂತವರಿಗೆ ಮೊದಲು. ಅರ್ಧ ಗಂಟೆ ಮುಂಚೆ ಹೋಗಿ. ಇನ್ನೂ ಮುಂಚೆ ಹೋದ್ರೆ ಅಲ್ಲೇ ಅಂಗಳದ ಕೆಫೆಯಲ್ಲಿ ಸುಲೈಮಾನಿ ಚಹಾ ಕುಡೀರಿ. ಪಕ್ಕದ ಮೇಜಲ್ಲಿ ಯಾರಾದ್ರೂ ಸ್ಕ್ರಿಪ್ಟ್ ಇಟ್ಕೊಂಡು ಜಗಳ ಆಡ್ತಿರ್ತಾರೆ, ಅದೂ ಒಂಥರಾ ನಾಟಕನೇ.

ಮಾಟುಂಗಾ ಮಾಣಿ
ಕಾಫಿಪುಡಿಯವರು ಹೇಳಿದ್ದು ಸರಿ, ಆದ್ರೆ ಇದು ಅರ್ಧ ಉತ್ತರ ಮಾರಾಯ್ರೆ. ಬೆಂಗಳೂರಿನಿಂದ ವಿಮಾನದಲ್ಲಿ ಬಂದು ಜುಹುವಿನಲ್ಲೇ ಉಳಿಯುವವರಿಗೆ ಅದು ಸಾಕು. ರೈಲಿನಲ್ಲಿ ಬರುವ ನಾಲ್ಕು ಜನಕ್ಕೆ ಮೊದಲು ಊರಿನ ಉದ್ದ ಗೊತ್ತಾಗ್ಬೇಕು.

ಮುಂಬೈ ಅಗಲ ಕಡಿಮೆ, ಉದ್ದ ಜಾಸ್ತಿ. ನೀವು ನೋಡ್ಬೇಕೆನ್ನುವ ಗೇಟ್‌ವೇ, ಮ್ಯೂಸಿಯಂ, ಸಿಎಸ್‌ಎಂಟಿ (ಹಳೇ ವಿಟಿ ಸ್ಟೇಷನ್), ಮರೀನ್ ಡ್ರೈವ್ ಎಲ್ಲ ತೆಂಕು ತುದಿಯಲ್ಲಿ ಉಂಟು. ಪೃಥ್ವಿ ಬಡಗಿಗೆ, ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ದೂರ. ಮರಾಠಿ ನಾಟಕದ ಮಂದಿರಗಳು ನಡುವಿನ ದಾದರ್ ಸುತ್ತಮುತ್ತ. ದಕ್ಷಿಣದಲ್ಲಿ ಹಗಲೆಲ್ಲ ತಿರುಗಿ ಸಂಜೆ ಆರಕ್ಕೆ ಟ್ಯಾಕ್ಸಿ ಹತ್ತಿ ಜುಹುವಿಗೆ ಹೊರಟ್ರೆ ನಾಟಕದ ಬದಲು ಟ್ರಾಫಿಕ್ ನೋಡಿ ಬರ್ಬೇಕು, ಅಷ್ಟೆ.

ಹಾಗಾಗಿ ದಾದರ್ ಅಥವಾ ಮಾಟುಂಗಾದಲ್ಲಿ ಇಳ್ಕೊಳ್ಳಿ. ಹುಬ್ಬಳ್ಳಿ ಕಡೆಯ ಗಾಡಿಗಳು ದಾದರಿಗೇ ಬರ್ತವೆ, ಸಾಮಾನು ಹೊತ್ತು ಅಲೆಯುವುದು ತಪ್ತದೆ. ಸೆಂಟ್ರಲ್, ವೆಸ್ಟರ್ನ್ ಎರಡೂ ಲೈನು ಸೇರುವ ದೊಡ್ಡ ಸ್ಟೇಷನ್ ಅದೇ. ಒಂದು ಕಡೆಯಿಂದ ಸಿಎಸ್‌ಎಂಟಿ, ಇನ್ನೊಂದು ಕಡೆಯಿಂದ ಚರ್ಚ್‌ಗೇಟ್ ಮತ್ತು ವಿಲೆ ಪಾರ್ಲೆ. ಪೃಥ್ವಿಗೆ ವಿಲೆ ಪಾರ್ಲೆ ಪಶ್ಚಿಮದಲ್ಲಿ ಇಳಿದು ರಿಕ್ಷಾ ಹಿಡೀರಿ. ರಿಕ್ಷಾ ಬಾಂದ್ರಾದಿಂದ ಈಚೆಗೆ ಬರುವುದಿಲ್ಲ, ಸಾಯನ್‌ನಿಂದ ಈಚೆಗೂ ಇಲ್ಲ. ದಾದರ್‌ನಲ್ಲಿ ನಿಂತು ಆಟೋ ಆಟೋ ಅಂತ ಕೈ ಬೀಸಿದ್ರೆ ಜನ ನಗ್ತಾರೆ. ಅಲ್ಲಿ ಕಪ್ಪು-ಹಳದಿ ಟ್ಯಾಕ್ಸಿ ಮಾತ್ರ.

ಹೊಸ ಭೂಗತ ಮೆಟ್ರೋವೂ ಉಂಟು. 2025ರ ಅಕ್ಟೋಬರ್‌ನಿಂದ ಆರೆಯಿಂದ ಕಫ್ ಪರೇಡ್ ತನಕ ಪೂರ್ತಿ ಓಡ್ತದೆ. ದಾದರ್, ಸಿಎಸ್‌ಎಂಟಿ, ಹುತಾತ್ಮಾ ಚೌಕ್ ಎಲ್ಲ ಅದರಲ್ಲಿ ಸಿಕ್ತದೆ. ಮಾಸ್ತರರಿಗೆ ಲೋಕಲಿನ ನೂಕುನುಗ್ಗಲಿಗಿಂತ ಅದೇ ವಾಸಿ.

ಇನ್ನೊಂದು ಸಂಗತಿ, ಇದನ್ನು ಹೊರಗಿನವರು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಭಾನುವಾರದ ಮೆಗಾ ಬ್ಲಾಕ್. ಹಳಿ ರಿಪೇರಿಗೆ ಅಂತ ಬೆಳಿಗ್ಗೆ ಹನ್ನೊಂದರ ಆಸುಪಾಸಿನಿಂದ ಮಧ್ಯಾಹ್ನ ನಾಲ್ಕರ ತನಕ ಯಾವುದೋ ಒಂದು ಲೈನಿನಲ್ಲಿ ಗಾಡಿ ಕಮ್ಮಿ, ತಡ, ಕೆಲವು ಸ್ಟೇಷನ್ನಿಗೆ ನಿಲ್ಲುವುದೇ ಇಲ್ಲ. ನಾಟಕದ ಮಧ್ಯಾಹ್ನದ ಆಟವೂ ಅದೇ ಹೊತ್ತಿಗೆ. ಯಾವ ಲೈನು ಅಂತ ಶನಿವಾರವೇ ನೋಡಿಟ್ಕೊಳ್ಳಿ.

ಬೆಳಗಾವಿ ಕುಂದಾ
ಸಾಧನಕೇರಿ ಅಕ್ಕಾರ, ಪೃಥ್ವಿ ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮುಂಬೈಗೆ ಹೋಗಿ ಮರಾಠಿ ವ್ಯಾವಸಾಯಿಕ ನಾಟಕ, ಅಂದ್ರ ವೃತ್ತಿ ನಾಟಕ, ನೋಡದ ಬಂದ್ರ ನಾನಂತೂ ಒಪ್ಪಂಗಿಲ್ಲ. ದಾದರ್ ಪಶ್ಚಿಮದಾಗ, ಸ್ಟೇಷನ್ನಿಂದ ನಡಕೊಂಡು ಹೋಗೂ ಅಷ್ಟು ದೂರದಾಗ, ಪ್ಲಾಜಾ ಟಾಕೀಜಿನ ಹತ್ರ ಶಿವಾಜಿ ಮಂದಿರ ಐತಿ. ಭಾನುವಾರ ಮಧ್ಯಾಹ್ನ ಒಂದು ಪ್ರಯೋಗ, ರಾತ್ರಿ ಇನ್ನೊಂದು. ಎರಡೂ ಬ್ಯಾರೆ ಬ್ಯಾರೆ ನಾಟಕ.

ನೋಡಬೇಕಾದ್ದು ಏನಂದ್ರ ಪ್ರೇಕ್ಷಕರನ್ನ. ಅಜ್ಜಿ, ಸೊಸಿ, ಮೊಮ್ಮಗ ಕೂಡಿ ಬಂದಿರತಾರ, ಸ್ವಂತ ರೊಕ್ಕ ಕೊಟ್ಟು. ನಮ್ಮಲ್ಲಿ ಹವ್ಯಾಸಿ ನಾಟಕಕ್ಕ ಅರ್ಧ ಮಂದಿ ಪಾಸಿನವರು, ಉಳಿದ ಅರ್ಧ ನಟರ ಬೀಗರು. ಅಲ್ಲಿ ಟಿಕೆಟ್ ಮಾರಾಟದ ಮ್ಯಾಲೆ ನಟರ ಹೊಟ್ಟಿ ನಡೀತೈತಿ. ಮಧ್ಯಂತರದಾಗ ಎಲ್ಲಾರೂ ಕ್ಯಾಂಟೀನಿಗೆ ಓಡೂದು ಬಟಾಟಾ ವಡಾಕ್ಕ. ಅದನ್ನೂ ತಿನ್ರಿ.

ಯಾವ ನಾಟಕ ಎಲ್ಲಿ ಅಂತ ತಿಳೀಬೇಕಂದ್ರ ಮರಾಠಿ ಪೇಪರಿನ ನಾಟಕದ ಜಾಹೀರಾತು ಪುಟ ನೋಡ್ರಿ. ಒಂದ ನಾಟಕ ಶನಿವಾರ ಬೋರಿವಲಿಯಾಗ, ಭಾನುವಾರ ಮಧ್ಯಾಹ್ನ ದಾದರದಾಗ, ರಾತ್ರಿ ಠಾಣೆಯಾಗ ಅಂತ ತಿರಗತಿರತೈತಿ. ಥಿಯೇಟರ್ ಹಿಡಕೊಂಡು ಹುಡುಕಬ್ಯಾಡ್ರಿ, ನಾಟಕ ಹಿಡಕೊಂಡು ಹುಡುಕ್ರಿ.

ಗೋಳಗುಮ್ಮಟ
ಮರಾಠಿ ಬರದವರಿಗೆ ಎರಡೂವರೆ ತಾಸು ಕುಂಡ್ರಸೂದು ಶಿಕ್ಷಾ ಅಲ್ಲೇನು? ಅದೂ ಅಲ್ಲದ ಅವರು ನಮ್ಮ ಊರಿನ ಬಗ್ಗೆ [ಈ ಭಾಗವನ್ನು ನಿರ್ವಾಹಕರು ತೆಗೆದಿದ್ದಾರೆ]

ನಿರ್ವಾಹಕ
ಗಡಿ ವಿಷಯಕ್ಕೆ ಬೇರೆ ಎಳೆ ಇದೆ. ಇಲ್ಲಿ ನಾಟಕ, ರೈಲು, ವಡೆ ಮಾತ್ರ.

ಗೋಳಗುಮ್ಮಟ
ಆತು. ಆದ್ರ ಭಾಷಾ ಪ್ರಶ್ನೆ ಹಂಗ ಉಳೀತು. ಹಾಸ್ಯ ನಾಟಕ ಅಂದ್ರ ಮಾತಿನ ಮ್ಯಾಲೆ ನಿಂತಿರತೈತಿ. ಎಲ್ಲಾರೂ ನಕ್ಕ ಮ್ಯಾಲೆ ನೀವು ಬಾಜೂದವರನ್ನ ಕೇಳಿ ನಗಬೇಕು.

ಬೆಳಗಾವಿ ಕುಂದಾ
ಹಂಗಾರ ಹಾಸ್ಯ ಬಿಟ್ಟು ಕೌಟುಂಬಿಕ ನಾಟಕ ಆರಿಸ್ರಿ. ಧಾರವಾಡದವರಿಗೆ ಮರಾಠಿ ಕಿವಿಗೆ ಅಷ್ಟೇನೂ ದೂರ ಅಲ್ಲ. 1956ರ ತನಕ ನಾವೆಲ್ಲಾ ಮುಂಬೈ ಪ್ರಾಂತದಾಗ ಇದ್ದವ್ರು. ನಮ್ಮ ಅಜ್ಜಂದಿರು ಮರಾಠಿ ಸಂಗೀತ ನಾಟಕದ ಪದಾ ಗುನುಗುತಿದ್ರು. ಆ ಸಂಗೀತ ನಾಟಕಕ್ಕ 1880ರಾಗ ಪುಣೆಯಾಗ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲಾದ ಗುರ್ಲಹೊಸೂರದಾಗ.

ಅಪ್ಪೆಮಿಡಿ
ಇತಿಹಾಸದ ಮಾತು ಬಂತಲ್ಲ, ನಮ್ಮ ಹೊನ್ನಾವರವನ್ನು ಬಿಟ್ಟರೆ ಹೇಗೆ? 1840ರ ದಶಕದ ಆರಂಭದಲ್ಲಿ ಕರ್ಕಿಯ ಭಾಗವತ ಮೇಳ ಸಾಂಗಲಿಗೆ ಹೋಗಿ ಯಕ್ಷಗಾನ ಆಡಿತ್ತು. ಅದನ್ನು ನೋಡಿದ ಸಾಂಗಲಿಯ ರಾಜ ಚಿಂತಾಮಣರಾವ್ ಪಟವರ್ಧನ್ ತನ್ನ ಆಶ್ರಿತ ವಿಷ್ಣುದಾಸ ಭಾವೆಗೆ, ಇಂಥದ್ದೊಂದನ್ನು ಮರಾಠಿಯಲ್ಲಿ ಮಾಡು ಅಂದ. 1843ರಲ್ಲಿ ಭಾವೆ ಸೀತಾ ಸ್ವಯಂವರ ಆಡಿಸಿದರು, ಮರಾಠಿ ನಾಟಕದ ಲೆಕ್ಕ ಅಲ್ಲಿಂದ ಶುರು. ಇದು ನಾವು ಊರಭಿಮಾನಕ್ಕೆ ಹೇಳಿಕೊಳ್ಳುವ ಕಥೆಯಲ್ಲ, ಮರಾಠಿ ರಂಗಭೂಮಿಯ ಇತಿಹಾಸ ಬರೆದವರೇ ದಾಖಲಿಸಿದ್ದು. ಭಾವೆಯವರ ತಂಡ 1853ರಲ್ಲಿ ಮುಂಬೈಗೆ ಬಂದು ಗ್ರಾಂಟ್ ರೋಡ್ ಥಿಯೇಟರಿನಲ್ಲಿ ಆಡಿತು. ಆ ಥಿಯೇಟರನ್ನು 1846ರಲ್ಲಿ ಕಟ್ಟಿಸಿದವರು ನಾನಾ ಶಂಕರಶೇಟ್. ಇವತ್ತು ಅದರ ಕುರುಹಿಲ್ಲ, ಹುಡುಕಿಕೊಂಡು ಹೋಗಬೇಡಿ.

ನೂರಿಪ್ಪತ್ತು ವರ್ಷದ ಮೇಲೆ ಅದೇ ಹೊನ್ನಾವರ ಕಡೆಯ ಅಣ್ಣತಮ್ಮಂದಿರಿಬ್ಬರು, ಅನಂತ ನಾಗ್ ಮತ್ತು ಶಂಕರ ನಾಗ್, ಮುಂಬೈಗೆ ಹೋಗಿ ಕೊಂಕಣಿ, ಮರಾಠಿ ರಂಗಭೂಮಿಯಲ್ಲಿ ಪಳಗಿದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಗೋಳಗುಮ್ಮಟದವರೇ, ಶಿವಾಜಿ ಮಂದಿರದಲ್ಲಿ ಕೂತರೆ ಬೇರೆಯವರ ಮನೆಗೆ ಹೋದ ಸಂಕೋಚ ಏನೂ ಬೇಡ.

ಗೋಳಗುಮ್ಮಟ
ಕರ್ಕಿ ವಿಷಯ ಗೊತ್ತಿರಲಿಲ್ಲ. ಇದಕ್ಕ ಒಂದು ಲೈಕ್. ವಡಾಕ್ಕ ಮಾತ್ರ ಇನ್ನೂ ಒಪ್ಪಿಲ್ಲ.

ನೇಪಥ್ಯ
ಬೆಳಕಿನ ಕೆಲಸ ಮಾಡುವ ಹುಡುಗಿ ಇದ್ದಾಳೆ ಅಂದಿರಿ, ಅವಳಿಗಾಗಿ ಬರೀತಿದ್ದೇನೆ.

ಮರಾಠಿ ನಾಟಕದ ಮಧ್ಯಾಹ್ನದ ಆಟಕ್ಕೆ ಸೆಟ್ ಬರುವುದು ಟೆಂಪೋದಲ್ಲಿ. ಬೆಳಗಿನ ಹೊತ್ತಿಗೆ ಹೋಗಿ ಹಿಂಬಾಗಿಲಿನ ಹತ್ತಿರ ನಿಂತರೆ ಸಾಕು. ಫ್ಲ್ಯಾಟುಗಳು (ಸೆಟ್ಟಿನ ಗೋಡೆ ತುಂಡುಗಳು) ಇಳಿಯುತ್ತವೆ, ಬಾಗಿಲು, ಕಿಟಕಿ, ಮೆಟ್ಟಿಲು, ಫ್ರಿಜ್ಜು ಎಲ್ಲ ಕೆಲವೇ ಗಂಟೆಗಳಲ್ಲಿ ಒಂದು ಮನೆಯಾಗಿ ನಿಲ್ಲುತ್ತೆ. ಸಂಜೆ ನಾಟಕ ಮುಗಿದ ತಕ್ಷಣ ಬಿಚ್ಚಿ ಇನ್ನೊಂದು ಊರಿಗೆ. ಎಲ್ಲವೂ ಮಡಚುವಂತೆ, ಒಬ್ಬರೋ ಇಬ್ಬರೋ ಹೊರುವಂತೆ ಮಾಡಿರುತ್ತಾರೆ. ನಮ್ಮ ಹವ್ಯಾಸಿ ತಂಡಗಳು ಕಲಿಯಬೇಕಾದ್ದು ಇದನ್ನ. ನಾವು ಒಂದು ಪ್ರದರ್ಶನಕ್ಕೆ ಅಂತ ಪ್ಲೈವುಡ್ಡಿಗೆ ಮೊಳೆ ಹೊಡೆದು, ಮಾರನೇ ದಿನ ಒಲೆಗೆ ಹಾಕುತ್ತೇವೆ. ವಿನಯದಿಂದ ಕೇಳಿದರೆ ಒಳಗೆ ಬಿಟ್ಟುಕೊಂಡು ತೋರಿಸುವವರೂ ಇದ್ದಾರೆ. ಬಿಡದಿದ್ದರೆ ವಾದ ಮಾಡಬೇಡಿ, ಅವರ ಹೊತ್ತು ಅಂಥದ್ದು.

ದಾದರಿನಲ್ಲೇ ಇಳಿದುಕೊಂಡರೆ ಛಬೀಲ್‌ದಾಸ್ ಶಾಲೆಯ ಗಲ್ಲಿಯಲ್ಲೊಮ್ಮೆ ನಡೆದು ಬನ್ನಿ. 1970ರ ದಶಕದಲ್ಲಿ ಆವಿಷ್ಕಾರ್ ತಂಡದವರು ಆ ಶಾಲೆಯ ಸಭಾಂಗಣದಲ್ಲೇ ಪ್ರಾಯೋಗಿಕ ನಾಟಕ ಆಡುತ್ತಿದ್ದರು. ಸರಿಯಾದ ವೇದಿಕೆ ಇಲ್ಲ, ಸರಿಯಾದ ದೀಪ ಇಲ್ಲ, ಆದರೂ ಭಾರತೀಯ ರಂಗಭೂಮಿಯಲ್ಲಿ ಆ ಶಾಲೆಯ ಹೆಸರಿನ ಚಳವಳಿಯೇ ಆಯಿತು. ನೋಡಲು ಅಲ್ಲಿ ಈಗ ಏನೂ ಇಲ್ಲ, ಗಿಜಿಗುಡುವ ಮಾರುಕಟ್ಟೆ. ನನಗೆ ಮಾತ್ರ ಗೇಟ್‌ವೇಗಿಂತ ಆ ಗಲ್ಲಿ ದೊಡ್ಡದು.

ಗೇಟ್‌ವೇ ಬಗ್ಗೆ ರಂಗದವರಿಗೆ ರುಚಿಸುವ ಒಂದು ಸಂಗತಿ: 1911ರಲ್ಲಿ ರಾಜ ಐದನೇ ಜಾರ್ಜ್ ಬಂದಿಳಿದಾಗ ಅಲ್ಲಿ ಈ ಕಲ್ಲಿನ ಕಮಾನು ಇರಲೇ ಇಲ್ಲ, ಬರೀ ರಟ್ಟಿನ ಮಾದರಿ ಇತ್ತಂತೆ. ಈಗಿನದು ಮುಗಿದದ್ದು 1924ರಲ್ಲಿ. ಅಂದರೆ ರಾಜನಿಗೆ ತೋರಿಸಿದ್ದು ಸೆಟ್ ಪ್ರಾಪರ್ಟಿ.

ಇನ್ನು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ 2023ರ ಮಾರ್ಚ್‌ನಲ್ಲಿ ಶುರುವಾದ ಅಂಬಾನಿ ಸಾಂಸ್ಕೃತಿಕ ಕೇಂದ್ರ. ಅದರ ದೊಡ್ಡ ಸಭಾಂಗಣದಲ್ಲಿ 2000 ಜನ ಕೂರಬಹುದು, ಬ್ರಾಡ್‌ವೇ ಮ್ಯೂಸಿಕಲ್‌ಗಳು ಬಂದು ಹೋಗುತ್ತವೆ. ತಂತ್ರಜ್ಞಾನ ನೋಡಬೇಕೆಂದರೆ ದೇಶದಲ್ಲಿ ಅದಕ್ಕಿಂತ ಮೇಲಿನದು ನಾನು ಕಂಡಿಲ್ಲ. ಆದರೆ ಒಳ್ಳೆಯ ಸೀಟಿನ ಟಿಕೆಟ್ಟಿಗೆ ಕೊಡುವ ಹಣದಲ್ಲಿ ನಾಲ್ವರೂ ಪೃಥ್ವಿ, ಶಿವಾಜಿ ಮಂದಿರ ಎರಡನ್ನೂ ನೋಡಿ ಊಟ ಮಾಡಬಹುದು. ಈ ಸಲ ಬಿಡಿ.

ಎರಡನೇ ಘಂಟೆ
ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್) ಯಾರೂ ಹೇಳಲೇ ಇಲ್ಲ! ನರಿಮನ್ ಪಾಯಿಂಟಿನ ತುದಿ, ಹೊರಗೆ ಬಂದರೆ ಸಮುದ್ರ. 1969ರಲ್ಲಿ ಜೆಆರ್‌ಡಿ ಟಾಟಾ ಮತ್ತು ಜಮ್ಷೆಡ್ ಭಾಭಾ ಹುಟ್ಟುಹಾಕಿದ ಸಂಸ್ಥೆ. 1980ರಲ್ಲಿ ತೆರೆದ ಟಾಟಾ ಥಿಯೇಟರ್ ವಿನ್ಯಾಸ ಮಾಡಿದವರು ಅಮೆರಿಕದ ಫಿಲಿಪ್ ಜಾನ್ಸನ್. ಸಾವಿರ ಜನರ ಸಭಾಂಗಣವಾದರೂ ಧ್ವನಿ ಹಿಂದಿನ ಸಾಲಿಗೂ ಸಲೀಸಾಗಿ ತಲುಪುತ್ತೆ. ಚಿಕ್ಕ ಪ್ರಯೋಗಗಳಿಗೆ ಪಕ್ಕದಲ್ಲೇ ಎಕ್ಸ್‌ಪೆರಿಮೆಂಟಲ್ ಥಿಯೇಟರ್ ಇದೆ. ದಕ್ಷಿಣ ಮುಂಬೈ ಸುತ್ತಾಟ ಮುಗಿಸಿ ಅಲ್ಲಿಗೇ ನಡೆದು ಹೋದರೆ ಜುಹು ಪ್ರಯಾಣ ಉಳಿಯುತ್ತೆ.

ಕಾಫಿಪುಡಿ
ಉಳಿಯೋದು ಪ್ರಯಾಣ, ಕಳೆಯೋದು ಪೃಥ್ವಿ. ಒಪ್ಪಲ್ಲ.

ಎಲಿಫೆಂಟಾ ವಿಷಯಕ್ಕೆ ಬರೋಣ. ಧಾರವಾಡದವರಿಗೆ ಬಾದಾಮಿ ಒಂದು ದಿನದ ದಾರಿ. 578ರಲ್ಲಿ ಕೊರೆದ ಮೂರನೇ ಗುಹೆ, ಒಂದನೇ ಗುಹೆಯ ಹದಿನೆಂಟು ಕೈಯ ನಟರಾಜ ನೋಡಿದವರು ದೋಣೀಲಿ ಒಂದು ಗಂಟೆ ಹೋಗಿ, ನೂರಕ್ಕಿಂತ ಹೆಚ್ಚು ಮೆಟ್ಟಿಲು ಹತ್ತಿ, ಪೋರ್ಚುಗೀಸರ ಕಾಲದಲ್ಲಿ ಕೈಕಾಲು ಮುರಿದ ಶಿಲ್ಪ ನೋಡಬೇಕಾ? ಇರೋದು ಎರಡೇ ಹಗಲು.

ಅಪ್ಪೆಮಿಡಿ
ಇದೇನು ತರ್ಕ? ಬಾದಾಮಿ ನೋಡಿದವರೇ ಎಲಿಫೆಂಟಾ ನೋಡಬೇಕು, ಎರಡೂ ಆರನೇ ಶತಮಾನದ ಆಸುಪಾಸಿನವು. ಎದುರಾಗುವ ಆ ಮೂರು ಮುಖದ ಸದಾಶಿವ ಹೆಚ್ಚುಕಡಿಮೆ ಆರು ಮೀಟರ್ ಎತ್ತರ. ಬಾಗಿಲ ಬೆಳಕು ಪಕ್ಕದಿಂದ ಬಂದು ಒಂದು ಮುಖ ಬೆಳಗಿ, ಇನ್ನೊಂದನ್ನು ನೆರಳಿನಲ್ಲಿಡುತ್ತದೆ. ಲೈಟ್ ಮಾಡುವ ಹುಡುಗಿಗೆ ಇದಕ್ಕಿಂತ ಪಾಠ ಬೇಕೆ? ಅಲ್ಲಿಯೂ ಒಬ್ಬ ನಟರಾಜ ಇದ್ದಾನೆ, ಕಾಲು ಹೋಗಿದೆ, ಕುಣಿತ ಹೋಗಿಲ್ಲ.

ಮಾಟುಂಗಾ ಮಾಣಿ
ನೋಡ್ಬೇಕೋ ಬೇಡವೋ ಅಂತ ನಾನು ಹೇಳುವುದಿಲ್ಲ, ಟೈಮ್ ಮಾತ್ರ ಹೇಳ್ತೇನೆ. ಸೋಮವಾರ ಗುಹೆ ಮುಚ್ಚಿರ್ತದೆ. ದೋಣಿ ಗೇಟ್‌ವೇಯಿಂದ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶುರು. ಹೋಗ್ಲಿಕ್ಕೆ ಒಂದು ಗಂಟೆ, ಬರ್ಲಿಕ್ಕೆ ಒಂದು ಗಂಟೆ, ಮೇಲೆ ಕಡಿಮೆ ಅಂದ್ರೆ ಎರಡು ಗಂಟೆ. ದಡಕ್ಕೆ ಬರುವಾಗ ಒಂದೂವರೆ. ಭಾನುವಾರ ಹೋದ್ರೆ ಮಧ್ಯಾಹ್ನದ ನಾಟಕಕ್ಕೆ ಓಡ್ಬೇಕು, ಅದೂ ಮೆಗಾ ಬ್ಲಾಕಿನಲ್ಲಿ. ಶನಿವಾರ ಹೋದ್ರೆ ಫೋರ್ಟ್ ಬದಿಯ, ಅಂದ್ರೆ ಸಿಎಸ್‌ಎಂಟಿಯಿಂದ ಗೇಟ್‌ವೇ ತನಕದ, ಸುತ್ತಾಟ ಅರ್ಧ ಹೋಯ್ತು. ಎರಡರಲ್ಲಿ ಒಂದು ಬಿಡ್ಲೇಬೇಕು.

ಸಾಧನಕೇರಿ
ಎಲ್ಲಾರಿಗೂ ಧನ್ಯವಾದರಿ. ಇನ್ನೂ ಮೂರು ಪ್ರಶ್ನೆ. ಪೃಥ್ವಿ ರಾತ್ರಿ ಆಟ ಮುಗಿಸಿ ದಾದರಿಗೆ ಲೋಕಲ್‌ದಾಗ ಬರಬಹುದೇನು, ನಾವು ಇಬ್ಬರು ಹೆಣ್ಣಮಕ್ಕಳು ಇದ್ದೇವಿ? ಮುಂಬೈಯಾಗ ಕನ್ನಡ ನಾಟಕ ಏನರೆ ಸಿಗತೈತೇನು? ಮಾಸ್ತರರಿಗೆ ಜ್ವಾಳದ ರೊಟ್ಟಿ ಇಲ್ಲಂದ್ರ ಅನ್ನ-ಸಾರು ಬೇಕು, ಎಲ್ಲಿ?

ಮಾಟುಂಗಾ ಮಾಣಿ
ಒಂಬತ್ತರ ಆಟ ಮುಗಿಯುವಾಗ ಹನ್ನೊಂದರ ಆಸುಪಾಸು. ಆಗ ಚರ್ಚ್‌ಗೇಟ್ ಕಡೆಗೆ ಗಾಡಿ ಆರಾಮ ಸಿಕ್ತದೆ, ನಡುರಾತ್ರಿ ದಾಟಿದ ಮೇಲೂ ಉಂಟು. ಲೇಡೀಸ್ ಡಬ್ಬಿಯಲ್ಲಿ ರಾತ್ರಿ ಪೊಲೀಸ್ ಇರ್ತಾರೆ. ನಾಲ್ಕೂ ಜನ ಒಟ್ಟಿಗೆ ಜನರಲ್ ಡಬ್ಬಿಯಲ್ಲಿ ಬಂದ್ರೂ ಆ ಹೊತ್ತಿಗೆ ಕೂರ್ಲಿಕ್ಕೆ ಜಾಗ ಸಿಕ್ತದೆ. ಸಂಜೆ ಹೋಗುವಾಗಿನದ್ದೇ ಕಷ್ಟ: ಆರರಿಂದ ಎಂಟೂವರೆ ತನಕ ಬಡಗಿಗೆ ಹೋಗುವ ಗಾಡಿಯಲ್ಲಿ ಕಾಲು ಊರ್ಲಿಕ್ಕೂ ಆಗುವುದಿಲ್ಲ. ಐದಕ್ಕೆ ಮೊದಲೇ ಹೊರಡಿ. ಸ್ಲೋ ಗಾಡಿಯಲ್ಲಿ ಚರ್ಚ್‌ಗೇಟಿನಿಂದ ವಿಲೆ ಪಾರ್ಲೆಗೆ ಮುಕ್ಕಾಲು ಗಂಟೆ. ಉಳಿದ ಹೊತ್ತಿಗೆ ಜುಹು ಬೀಚು ಉಂಟಲ್ಲ.

ಕನ್ನಡ ನಾಟಕ: ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದ್ದು, ಮಾಹಿಮ್ ಬದಿಯಲ್ಲಿ ಕರ್ನಾಟಕ ಸಂಘ, ಕುರ್ಲಾದಲ್ಲಿ ಬಂಟರ ಸಂಘ. ಈ ಮೂರರಲ್ಲಿ ಒಂದಲ್ಲ ಒಂದು ಕಡೆ ಕನ್ನಡ ನಾಟಕವೋ, ತುಳು ನಾಟಕವೋ, ಯಕ್ಷಗಾನವೋ ವಾರಾಂತ್ಯದಲ್ಲಿ ಇರುವ ಸಾಧ್ಯತೆ ಹೆಚ್ಚು. ಆದ್ರೆ ಆನ್‌ಲೈನಿನಲ್ಲಿ ಹುಡುಕಿದ್ರೆ ಸಿಗುವುದಿಲ್ಲ. ಇಲ್ಲಿಂದಲೇ ಬರುವ ಕನ್ನಡ ಪೇಪರ್ ಕರ್ನಾಟಕ ಮಲ್ಲ ನೋಡ್ಬೇಕು, ಇಲ್ಲದಿದ್ರೆ ಯಾವುದಾದ್ರೂ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರನ್ನು ಕೇಳ್ಬೇಕು. ಎರಡನೆಯದೇ ಹೆಚ್ಚು ನಂಬಿಕಸ್ಥ.

ಊಟ: ಮಾಟುಂಗಾ ಸ್ಟೇಷನಿನ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಬಾಳೆಲೆ ಊಟ. ತಿಂಡಿಗೆ ರಾಮ ಆಶ್ರಯ, ಕೆಫೆ ಮದ್ರಾಸ್. ಭಾನುವಾರ ಬೆಳಿಗ್ಗೆ ಎಂಟರ ಮೇಲೆ ಹೋದ್ರೆ ಕೆಫೆ ಮದ್ರಾಸಿನಲ್ಲಿ ಹೆಸರು ಬರೆಸಿ ರಸ್ತೆಯಲ್ಲಿ ನಿಲ್ಬೇಕು, ಏಳಕ್ಕೇ ಹೋಗಿ. ಜೋಳದ ರೊಟ್ಟಿಯನ್ನು ಮಾಸ್ತರರು ಬುತ್ತಿ ಕಟ್ಕೊಂಡೇ ಬರ್ಲಿ.

ಸಾಧನಕೇರಿ
ಹಿಂಗ ಮಾಡೂಣು ಅಂತ ಮಾಡೇವಿ, ತಪ್ಪಿದ್ರ ಹೇಳ್ರಿ.

ಶನಿವಾರ ದಾದರದಾಗ ಸಾಮಾನು ಇಟ್ಟು ಮಾಟುಂಗಾದಾಗ ನಾಷ್ಟಾ. ಸಿಎಸ್‌ಎಂಟಿಯಿಂದ ಹುತಾತ್ಮಾ ಚೌಕ್, ಹೈಕೋರ್ಟ್, ರಾಜಾಬಾಯಿ ಗಡಿಯಾರ ಗೋಪುರ, ಕಾಲಾ ಘೋಡಾ, ಗೇಟ್‌ವೇ ತನಕ ಕಾಲ್ನಡಿಗಿ. ಐದರೊಳಗ ಚರ್ಚ್‌ಗೇಟ್. ರಾತ್ರಿ ಪೃಥ್ವಿ. ಭಾನುವಾರ ಬೆಳಿಗ್ಗೆ ಛಬೀಲ್‌ದಾಸ್ ಗಲ್ಲಿ, ಸೆಟ್ ಇಳಸೂದು ನೋಡೂದು, ಮಧ್ಯಾಹ್ನ ಶಿವಾಜಿ ಮಂದಿರ, ಸಂಜಿಗೆ ಮರೀನ್ ಡ್ರೈವ್. ಮಾಸ್ತರರು ಭಾನುವಾರ ಒಬ್ಬರ ಎಲಿಫೆಂಟಾಕ್ಕ ಹೋಗತಾರಂತ. ಮರಾಠಿ ನಾಟಕ ತಾವು ಭಾಳ ನೋಡ್ಯಾರಂತ, ಗುಹಾ ನೋಡಿಲ್ಲಂತ.

ನೇಪಥ್ಯ
ಒಂದೇ ತಿದ್ದುಪಡಿ. ಓವಲ್ ಮೈದಾನದಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಪೂರ್ವಕ್ಕೆ ತಿರುಗಿದರೆ 1870ರ ದಶಕದ ಗಾಥಿಕ್ ಸಾಲು: ಹೈಕೋರ್ಟು, ವಿಶ್ವವಿದ್ಯಾಲಯ, ಆ ಗೋಪುರ. ಪಶ್ಚಿಮಕ್ಕೆ ತಿರುಗಿದರೆ 1930ರ ದಶಕದ ಆರ್ಟ್ ಡೆಕೋ ಮನೆಗಳು, ಮೂಲೆಯಲ್ಲಿ 1938ರ ಈರೋಸ್ ಟಾಕೀಸು. ನಡುವೆ ಹುಡುಗರ ಕ್ರಿಕೆಟ್. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಈ ಎರಡೂ ಸಾಲು ಒಟ್ಟಿಗೆ. ಮ್ಯೂಸಿಯಂ ಒಳಗೆ ಹೋಗುವ ಯೋಚನೆ ಬಿಟ್ಟುಬಿಡಿ, ಅದಕ್ಕೆ ಅರ್ಧ ದಿನ ಬೇಕು.

ಎರಡನೇ ಘಂಟೆ
ಭಾನುವಾರ ಸಂಜೆ ಮರೀನ್ ಡ್ರೈವಿಗೆ ಹೋದಾಗ ಚರ್ನಿ ರೋಡಿನಲ್ಲಿ ಇಳಿದು ರಾಯಲ್ ಒಪೆರಾ ಹೌಸಿನ ಹೊರಮೈಯನ್ನಾದರೂ ನೋಡಿ. 1911ರಲ್ಲಿ ಉದ್ಘಾಟನೆ, ಆಮೇಲೆ ಸಿನಿಮಾ ಟಾಕೀಸು, 1993ರಲ್ಲಿ ಬೀಗ, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆದದ್ದು. ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಎನ್‌ಸಿಪಿಎಗೆ ನೀವು ಹೋಗ್ತಿಲ್ಲ ಅನ್ನೋ ಸಿಟ್ಟು ನನಗೆ ಇದ್ದೇ ಇದೆ.

ಸಾಧನಕೇರಿ
ಹೋಗಿ ಬಂದ್ವಿರಿ. ಬರಿಯೂದು ತಡಾ ಆತು, ನಾಟಕದ ತಾಲೀಮು ನಡದಿತ್ತು.

ಪೃಥ್ವಿಯಾಗ ನೋಡಿದ್ದು ಇಬ್ಬರ ನಟರ ಹಿಂದಿ ನಾಟಕ. ಸೆಟ್ ಅಂದ್ರ ಎರಡು ಕುರ್ಚಿ, ಒಂದು ಹಗ್ಗ. ನಾವು ಎರಡನೇ ಸಾಲಿನಾಗ ಎಡಗಡೆ ಇದ್ವಿ. ನಟಿ ಒಮ್ಮೆ ನಮ್ಮ ಕಡೆ ಬೆನ್ನು ಮಾಡಿ ಭಾಳ ಹೊತ್ತು ಮಾತಾಡಿದ್ಲು. ನಮ್ಮೂರಾಗ ಬೆನ್ನು ತೋರಿಸಬ್ಯಾಡ ಅಂತ ಮೊದಲ ಪಾಠ ಹೇಳತೀವಿ. ಅಲ್ಲಿ ಮೂರು ಕಡೆ ಮಂದಿ ಇದ್ದ ಮ್ಯಾಲೆ ಯಾರಿಗರೆ ಬೆನ್ನು ಬೀಳೂದ, ಅಕಿ ಬೆನ್ನಿನಲೇ ಅಭಿನಯ ಮಾಡಿದ್ಲು. ವಾಪಸ್ ಬಂದ ಮ್ಯಾಲೆ ತಾಲೀಮಿನಾಗ ಇದ ಚರ್ಚಾ ನಡದೈತಿ. ಬಾಗಲಾ ಹಾಕಿದ ಮ್ಯಾಲೆ ಬಂದವರನ್ನ ಬಿಡಲಿಲ್ಲ ಅನ್ನೂದು ಖರೇನ, ಹೊರಗ ಒಬ್ಬರು ಭಾಳ ವಾದಾ ಹಾಕ್ಲಿಕತ್ತಿದ್ರು.

ಶಿವಾಜಿ ಮಂದಿರದಾಗ ಕೌಟುಂಬಿಕ ನಾಟಕ. ಮಾತು ಮುಕ್ಕಾಲು ಪಾಲು ತಿಳೀತು. ಗೋಳಗುಮ್ಮಟದವರು ಹೇಳಿದ್ದೂ ಸುಳ್ಳಲ್ಲ, ನಗಿ ಬಂದಾಗೊಮ್ಮೆ ನಾವು ಒಂದು ಕ್ಷಣ ಹಿಂದ ಇದ್ವಿ. ಆದ್ರ ಎರಡನೇ ಅಂಕದಾಗ ಅವ್ವ-ಮಗನ ಜಗಳಕ್ಕ ಭಾಷಾ ಬೇಕಾಗಲಿಲ್ಲ. ಬಾಜೂದಾಗ ಕುಂತ ಅಜ್ಜಿ ನಟನ ಹಳೇ ನಾಟಕ ಎಲ್ಲಾ ನೋಡ್ಯಾಳಂತ, ಈ ಸಲ ಅಂವ ಸ್ವಲ್ಪ ಅವಸರ ಮಾಡ್ಯಾನ ಅಂತ ಮಧ್ಯಂತರದಾಗ ನಮಗ ವಿಮರ್ಶಾ ಹೇಳಿದ್ಲು. ಅಂಥಾ ಪ್ರೇಕ್ಷಕರು ನಮಗ ಯಾವಾಗ ಸಿಗತಾರೋ.

ಲೈಟಿನ ಹುಡುಗಿನ್ನ ಹಿಂದ ಒಳಗ ಬಿಟ್ರು. ಅಕಿ ಫೋಟೋ ತಗೀಲಿಲ್ಲ, ಪೆನ್ಸಿಲ್‌ಲೇ ಬರಕೊಂಡು ಬಂದಾಳ: ಗ್ವಾಡಿ ತುಕಡಿ ಹೆಂಗ ಜೋಡಸತಾರ, ಹಿಂದಿನ ಆಸರಾ ಎಷ್ಟು ಉದ್ದ, ಯಾವ ಕೊಂಡಿ. ಮುಂದಿನ ನಾಟಕಕ್ಕ ಮಡಚೂ ಸೆಟ್ ಮಾಡೂದಂತ ಆಗೇತಿ.

ಮಾಸ್ತರರು ಎಲಿಫೆಂಟಾ ನೋಡಿ ಸಂಜಿಗೆ ಬಂದು ಸೇರಿದ್ರು. ಬಾದಾಮಿ ದೊಡ್ಡದೋ ಎಲಿಫೆಂಟಾ ದೊಡ್ಡದೋ ಅಂತ ಕೇಳಿದ್ರ, ಬಾದಾಮಿಯಾಗ ಹೊರಗಿನ ಕೆರಿ ನೋಡ್ಲಿಕ್ಕೆ ಮನಸ್ಸು ಓಡತೈತಿ, ಇಲ್ಲಿ ಒಳಗ ಓಡತೈತಿ ಅಂದ್ರು. ಮ್ಯಾಲೆ ಒಂದು ತಾಸು ಹೆಚ್ಚಿಗೆ ಕುಂತು ಬಂದಾರ.

ಗೋಳಗುಮ್ಮಟ
ವಡಾ?

ಸಾಧನಕೇರಿ
ಎರಡು ತಿಂದೆ. ಚಟ್ನಿ ಖಾರ ಸಾಲಂಗಿಲ್ಲ.

ಕಾಫಿಪುಡಿ
ಬೆನ್ನಿನ ಅಭಿನಯದ ಬಗ್ಗೆ ಬೇರೆ ಎಳೆ ಶುರು ಮಾಡಿ ಪ್ಲೀಸ್. ನಮ್ಮಲ್ಲಿ ರಂಗಶಂಕರಕ್ಕೆ ಬರೋ ಎಷ್ಟೋ ತಂಡಗಳು ಚಾಚು ವೇದಿಕೆ ಮೇಲೂ ಮುಂದೆ ಕೂತವರಿಗೆ ಮಾತ್ರ ಆಡ್ತಾರೆ, ಪಕ್ಕದಲ್ಲಿ ಕೂತವರು ದುಡ್ಡು ಕೊಟ್ಟು ಕಿವಿ ನೋಡಿ ಬರ್ತಾರೆ.

ಹೊಸಬ
ಈ ಎಳೆ ಪೂರ್ತಿ ಓದಿದೆ. ನಾವು ಏಪ್ರಿಲ್ ಕೊನೆಗೆ ಮಕ್ಕಳನ್ನು ಕರ್ಕೊಂಡು ಹೋಗ್ತಿದ್ದೇವೆ, ಒಂಬತ್ತು ವರ್ಷ ಮತ್ತು ನಾಲ್ಕು ವರ್ಷ. ಪೃಥ್ವಿಗೆ ಬಿಡ್ತಾರಾ?

ಮಾಟುಂಗಾ ಮಾಣಿ
ಬೇಸಿಗೆ ರಜೆಯಲ್ಲಿ ಅಲ್ಲಿ ಮಕ್ಕಳಿಗೇ ಅಂತ ಶಿಬಿರ, ನಾಟಕ ಎಲ್ಲ ನಡೀತದೆ. ಎಷ್ಟು ವಯಸ್ಸಿನವರಿಗೆ ಪ್ರವೇಶ ಅಂತ ಪ್ರತಿ ನಾಟಕದ ಟಿಕೆಟ್ ಪುಟದಲ್ಲಿ ಬೇರೆ ಬೇರೆ ಹಾಕಿರ್ತಾರೆ, ಬುಕ್ ಮಾಡುವ ಮೊದಲು ಓದಿ. ನಾಲ್ಕು ವರ್ಷದವನಿಗೆ ಆಗುವುದಿಲ್ಲ ಅಂತಾದ್ರೆ ಒಬ್ಬರು ಅವನನ್ನು ಬೀಚಿಗೆ ಕರ್ಕೊಂಡು ಹೋಗಿ. ಮತ್ತೆ, ಏಪ್ರಿಲಿನಲ್ಲಿ ಹಗಲು ಫೋರ್ಟಿನಲ್ಲಿ ಕಾಲ್ನಡಿಗೆ ಅಂತ ಮಕ್ಕಳನ್ನು ಬೇಯಿಸ್ಬೇಡಿ. ಬೆಳಿಗ್ಗೆ ಹತ್ತರ ಒಳಗೆ ಮುಗಿಸಿ ಮ್ಯೂಸಿಯಂ ಹೊಕ್ಕಿಬಿಡಿ.